ಮೈ ಕೊಡವದ ಮಣಿಯಗಾರ

ಮುತ್ಯಾಲಮ್ಮ ಯೇಸುಸ್ವಾಮಿಯ ಮುಂದೆ ಮೊದಲ ಸಲ ಹೋಗಿ ಕೂತಿದ್ದು ರೇಶನ್ ಅಕ್ಕಿಗೆ. ಇದನ್ನು ಆಕೆಯೇ ಯಾರು ಕೇಳಿದರೂ ಹೇಳುತ್ತಾಳೆ, ಹೇಳಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಾಳೆ. ಭಕ್ತಿಗೆ ಇದಕ್ಕಿಂತ ಮರ್ಯಾದೆಯ ಆರಂಭ ಇರಬಹುದಿತ್ತು, ಏನು ಮಾಡೋಣ, ನಡೆದದ್ದು ಹೀಗೆ.

ಕೊರೋನಾ ಬಂದ ವರ್ಷ ಅದು. ತಮಿಳುನಾಡಿನ ಪೆನ್ನಾಗರಂನಿಂದ ಹೊಗೇನಕಲ್ಲಿಗೆ ಹೋಗುವ ದಾರಿಯಲ್ಲಿ, ಕಾಡಿನ ಅಂಚಿಗೆ ಅಂಟಿಕೊಂಡ, ಕನ್ನಡ ಮಾತಾಡುವ ಒಂದು ಹಟ್ಟಿಯಲ್ಲಿ ಮುತ್ಯಾಲಮ್ಮನ ಮನೆ. ಐವತ್ತು ದಾಟಿದ ಹೆಂಗಸು. ಮನೆಯಲ್ಲಿ ಗಂಡ ಮಾದಪ್ಪ, ಕೊಟ್ಟಿಗೆಯಲ್ಲಿ ಒಂದು ಹಿಂಡು ಆಡು, ಕೈಯಲ್ಲಿ ತುದಿಗೆ ಕೊಕ್ಕೆ ಕಟ್ಟಿದ ಉದ್ದನೆಯ ದೋಟಿ, ಬಾಯಲ್ಲಿ ಯಾರಿಗೂ ಹೆದರದ ನಾಲಿಗೆ. ಬೆಳಗ್ಗೆ ಆಡು ಹೊಡೆದುಕೊಂಡು ಗುಡ್ಡ ಹತ್ತಿದರೆ ಮಧ್ಯಾಹ್ನ ಬುಡದಲ್ಲಿರುವ ದೊಡ್ಡ ಹುಣಸೆಮರದ ನೆರಳಿಗೆ ಇಳಿಸಿ ಮಲಗಿಸುವುದು, ಬಿಸಿಲು ತಗ್ಗಿದ ಮೇಲೆ ಮತ್ತೆ ಹತ್ತಿಸುವುದು. ಮದುವೆಯಾಗಿ ಬಂದಾಗಿನಿಂದ ಅವಳ ದಿನ ಇದೇ. ಆ ಮರದ ನೆರಳು ತನ್ನ ಆಡುಗಳ ಸ್ವಂತ ಆಸ್ತಿ ಎಂದು ಅವಳು ಗಟ್ಟಿಯಾಗಿ ನಂಬಿದ್ದಳು.

ಹೀಗಿರುವಾಗ ಒಂದು ಭಾನುವಾರ ಆಡು ಇಳಿಸಿಕೊಂಡು ಬಂದು ನೋಡಿದರೆ ಮರದ ಕೆಳಗೆಲ್ಲ ಸುಣ್ಣದ ಪುಡಿಯಲ್ಲಿ ದುಂಡಗೆ ಗೀಚಿದ್ದಾರೆ. ಒಂದೊಂದು ರೌಂಡಿನೊಳಗೆ ಒಬ್ಬೊಬ್ಬರು ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಾರೆ. ಆ ವರ್ಷ ಸುಣ್ಣದ ರೌಂಡು ಎಂದರೆ ಏನೆಂದು ನಿಮಗೆ ನೆನಪಿರಬೇಕು. ರೇಶನ್ ಅಂಗಡಿಯ ಮುಂದೆ ರೌಂಡು, ಬೇಳೆ ಹಂಚುವ ಕಡೆ ರೌಂಡು. ರೌಂಡು ಕಂಡಲ್ಲಿ ಹೋಗಿ ನಿಲ್ಲು, ಏನಾದರೂ ಸಿಕ್ಕೇ ಸಿಗುತ್ತದೆ ಎನ್ನುವುದು ಊರಿಗೆಲ್ಲ ಗೊತ್ತಿದ್ದ ಮಾತು. ಮುತ್ಯಾಲಮ್ಮ ಆಡುಗಳನ್ನು ಅತ್ತ ಬಿಟ್ಟು, ಖಾಲಿ ಇದ್ದ ಒಂದು ರೌಂಡು ಹಿಡಿದು ಕೂತೇ ಬಿಟ್ಟಳು. ರೇಶನ್ ಕಾರ್ಡು ಹೇಗೂ ಸದಾ ಮಡಿಲಲ್ಲೇ ಇರುತ್ತಿತ್ತು.

ಮುಂದೆ ಬಿಳಿ ಅಂಗಿಯ ಒಬ್ಬ ನಡುವಯಸ್ಸಿನ ಗಂಡಸು ಕಣ್ಣು ಮುಚ್ಚಿ ತಮಿಳಿನಲ್ಲಿ ಏನೋ ಬೇಡಿಕೊಳ್ಳುತ್ತಿದ್ದ. ತಾಲೂಕು ಆಫೀಸಿನವನು, ಮೇಲಿನವರನ್ನು ಕೇಳುತ್ತಿದ್ದಾನೆ ಎಂದುಕೊಂಡಳು. ಆಮೇಲೆ ಎಲ್ಲರೂ ಹಾಡಿದರು. ಅಕ್ಕಿಗೆ ಮುಂಚೆ ಹಾಡಿಸುವುದು ಹೊಸ ರೂಲು ಇರಬೇಕೆಂದು ಇವಳೂ ಬಾಯಾಡಿಸಿದಳು. ಕೊನೆಗೆ ಎಲ್ಲರೂ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟಾಗ ಮಾತ್ರ ಅವಳಿಗೆ ಪಿತ್ತ ನೆತ್ತಿಗೇರಿತು. ನೇರವಾಗಿ ಬಿಳಿ ಅಂಗಿಯವನ ಮುಂದೆ ಹೋಗಿ ಕಾರ್ಡು ಚಾಚಿದಳು.

“ಅಯ್ಯಾ, ಅಕ್ಕಿ ಯಾವಾಗ ಅಳೀತೀರಾ?”

ಆತ ಕಾರ್ಡು ನೋಡಿದ, ಅವಳನ್ನು ನೋಡಿದ, ಸುತ್ತಲಿನ ಸುಣ್ಣದ ರೌಂಡುಗಳನ್ನು ನೋಡಿದ. ಪಾಪ, ನಗಬಾರದೆಂದು ಬಹಳ ಪ್ರಯತ್ನಪಟ್ಟ. ಆತ ಪೆನ್ನಾಗರಂನ ಒಂದು ಪುಟ್ಟ ಸಭೆಯ ಪಾಸ್ಟರ್, ಹೆಸರು ದೇವಸಹಾಯಂ. ತಗಡಿನ ಮಾಡಿನ ಅವರ ಚರ್ಚಿನೊಳಗೆ ಜನ ಸೇರುವ ಹಾಗಿರಲಿಲ್ಲ. ಫೋನಿನಲ್ಲೇ ಪ್ರಾರ್ಥನೆ ಮಾಡೋಣವೆಂದರೆ ಅರ್ಧ ಮಾತಿಗೆ ಸಿಗ್ನಲ್ ಹೋಗುತ್ತಿತ್ತು. ಊರೆಲ್ಲ ಅಲೆದು ನೋಡಿ, ಬಯಲೂ ಇದ್ದು ಸಿಗ್ನಲ್ಲೂ ಇರುವ ಜಾಗ ಈ ಹುಣಸೆಮರದ ಬುಡವೊಂದೇ ಎಂದು ಕಂಡುಕೊಂಡಿದ್ದರು. ಬರಲಾಗುವವರು ರೌಂಡಿನಲ್ಲಿ ಕೂರುವುದು, ಮನೆಬಿಟ್ಟು ಏಳಲಾಗದ ಮುದುಕ ಮುದುಕಿಯರು ಫೋನಿನಲ್ಲಿ ಕೇಳುವುದು ಎಂದು ಏರ್ಪಾಡಾಗಿತ್ತು. ಇಷ್ಟನ್ನೂ ಪಾಸ್ಟರ್ ತಮಿಳು ಬೆರೆಸಿದ ಕನ್ನಡದಲ್ಲಿ ವಿವರಿಸಿ, ಅಕ್ಕಿ ಇಲ್ಲವಮ್ಮ ಎಂದು ಹೇಳಿ, ತಮ್ಮ ಊಟದ ಡಬ್ಬಿ ತೆಗೆದು ಅರ್ಧ ಚಿತ್ರಾನ್ನ ಅವಳ ಕೈಗಿಟ್ಟರು.

ಮುತ್ಯಾಲಮ್ಮ ತಿಂದಳು. ತಿಂದ ಮೇಲೆ ಕೈ ಒರೆಸಿಕೊಂಡು ಹೇಳಿದಳು: “ಈ ಮರ ನಮ್ ಆಡುಗಳ್ದು. ಬರೋ ವಾರ ಬರೋದಾದ್ರೆ ಕೇಳ್ಕಂಡು ಬನ್ನಿ.”

“ಸರಿಮ್ಮ. ಯಾರನ್ನ ಕೇಳ್ಬೇಕು?”

“ನನ್ನ ಕೇಳ್ಬೇಕು. ಇಲ್ಲಾಂದ್ರೆ ಅಗಾ, ಅವನನ್ನ ಕೇಳ್ಬೇಕು” ಎಂದು ಹಿಂಡಿನ ದೊಡ್ಡ ಹೋತದ ಕಡೆ ತೋರಿಸಿದಳು.

ಆ ಹೋತದ ಹೆಸರು ಮಣಿಯಗಾರ. ಹಿಂದೆಲ್ಲ ಊರಿಗೊಬ್ಬ ಮಣಿಯಗಾರ ಇರುತ್ತಿದ್ದನಲ್ಲ, ಕಂದಾಯ ವಸೂಲಿಗೆ ಗಡ್ಡ ನೀವಿಕೊಂಡು ಬೀದಿಯಲ್ಲಿ ಬರುತ್ತಿದ್ದವನು, ಅದೇ ನಡಿಗೆ ಇವನದು. ಕೆಂಪು ಮೈ, ಬಿಳಿ ಗಡ್ಡ, ಯಾರ ಹೊಲಕ್ಕೆ ನುಗ್ಗಿದರೂ ತಪ್ಪು ಹೊಲದವನದೇ ಎನ್ನುವ ಮುಖ. ತಾಯಿ ಸತ್ತ ಮರಿಯನ್ನು ಮುತ್ಯಾಲಮ್ಮ ಮನೆಯೊಳಗೇ ಇಟ್ಟುಕೊಂಡು ಹಾಲು ಹಿಂಡಿ ಕುಡಿಸಿ ಬೆಳೆಸಿದ್ದಳು. ಮಕ್ಕಳಿಲ್ಲದ ಮನೆ, ಮುದ್ದು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗಿತ್ತು.

ಅಂಥವನ ಕುತ್ತಿಗೆಯ ಮೇಲೆ ಆಗಲೇ ಕತ್ತಿ ತೂಗುತ್ತಿತ್ತು, ಅದನ್ನು ತೂಗುಹಾಕಿದವಳೂ ಮುತ್ಯಾಲಮ್ಮನೇ. ಬೇಸಿಗೆಯಲ್ಲಿ ಮಾದಪ್ಪನಿಗೆ ಜ್ವರ ಬಂತು. ಧರ್ಮಪುರಿಯ ಆಸ್ಪತ್ರೆಗೆ ಒಯ್ದವರು ಇವಳನ್ನು ಒಳಗೆ ಬಿಡಲಿಲ್ಲ. ಗೇಟಿನ ಹೊರಗೆ ನೆಲದ ಮೇಲೆ ಕೂತು, ಉಸಿರಾಡಲು ಒದ್ದಾಡುತ್ತಿದ್ದ ಗಂಡನನ್ನು ನೆನೆದು ನೆನೆದು, ಅವಳು ಕಾಡಂಚಿನ ಮುನಿಯಪ್ಪನಿಗೆ ಹರಕೆ ಹೊತ್ತಳು. ಚಿಕ್ಕಪುಟ್ಟದ್ದು ಹೊತ್ತರೆ ಸ್ವಾಮಿ ತಿರುಗಿ ನೋಡುವುದಿಲ್ಲ ಎಂಬ ಭಯಕ್ಕೆ ತನ್ನ ಹತ್ತಿರ ಇದ್ದದ್ದರಲ್ಲಿ ಅತಿ ಪ್ರೀತಿಯದನ್ನೇ ಹೇಳಿಬಿಟ್ಟಳು: ಅವನನ್ನ ಉಳಿಸ್ಕೊಡಪ್ಪ, ಮಣಿಯಗಾರನನ್ನ ಕೊಡ್ತೀನಿ. ಮಾದಪ್ಪ ಉಳಿದ. ಬಡಕಲಾಗಿ, ಗಡ್ಡ ಬಿಟ್ಟುಕೊಂಡು ಆಂಬುಲೆನ್ಸಿನಿಂದ ಇಳಿದು, ಅಂಗಳದಲ್ಲಿ ನಿಂತು ಮೊದಲು ಕೇಳಿದ್ದೇ “ಹರಕೆ ಏನಾರ ಹೊತ್ಯಾ?” ಎಂದು. ಹೇಳದೆ ಇರಲಾಗಲಿಲ್ಲ.

ಆದರೆ ಲಾಕ್‌ಡೌನ್ ಇತ್ತಲ್ಲ. ಗುಡಿಗೆ ಬೀಗ, ಜಾತ್ರೆ ಇಲ್ಲ, ಬಲಿ ಇಲ್ಲ, ಹತ್ತು ಜನ ಸೇರುವಂತಿಲ್ಲ. ಲೋಕವೆಲ್ಲ ಈ ಲಾಕ್‌ಡೌನ್ ಎಂದು ಮುಗಿಯುತ್ತದೋ ಎಂದು ಹಲುಬುತ್ತಿದ್ದಾಗ, ಇನ್ನೂ ಸ್ವಲ್ಪ ದಿನ ಮುಂದಕ್ಕೆ ಹಾಕಲಿ ದೇವರೇ ಎಂದು ಕೈಮುಗಿಯುತ್ತಿದ್ದ ಹೆಂಗಸು ಆ ಸೀಮೆಗೆಲ್ಲ ಇವಳೊಬ್ಬಳೇ. ಮಾದಪ್ಪ ಮಾತ್ರ ದಿನಾ ಗುಡಿಯ ಬೀಗ ತೆಗೆದರಾ ಎಂದು ವಿಚಾರಿಸುತ್ತಿದ್ದ. ಅವನಿಗೆ ಹೋತದ ಮೇಲೆ ದ್ವೇಷವಿಲ್ಲ. ಸಾವಿನ ಬಾಯಿಂದ ಬಂದವನು, ಕೊಡಬೇಕಾದ್ದನ್ನು ಕೊಡದೆ ಇದ್ದರೆ ಸ್ವಾಮಿ ಮತ್ತೆ ಕರೆಸಿಕೊಂಡಾನು ಎಂಬ ಹೆದರಿಕೆ ಅಷ್ಟೆ. ಅವನು ಸ್ವಲ್ಪ ಕೆಮ್ಮಿದರೂ ಎದ್ದು ಕೂತು ಹೋತದ ಕಡೆ ನೋಡುತ್ತಿದ್ದ.

ಮುಂದಿನ ಭಾನುವಾರ ಮುತ್ಯಾಲಮ್ಮ ಮತ್ತೆ ಹೋದಳು. ಮರ ಕಾಯಲು ಹೋದೆ ಎನ್ನುತ್ತಾಳೆ. ಚಿತ್ರಾನ್ನದ ನೆನಪೂ ಇದ್ದಿರಬೇಕು. ಮರಿಯಾಡುಗಳು ರೌಂಡು ತಿಳಿಯದೆ ಎಲ್ಲರ ನಡುವೆ ನುಸುಳಿದವು, ಹಾಡಿನ ಹಾಳೆ ತಿಂದವು. ಪಾಸ್ಟರ್ ಗಂಭೀರವಾಗಿ ಒಂದು ಮಾತು ಹೇಳಿ ನಿಲ್ಲಿಸಿದಾಗಲೆಲ್ಲ ಮಣಿಯಗಾರ ಹಿಂದಿನಿಂದ ಗಟ್ಟಿಯಾಗಿ ಬ್ಯಾ ಎನ್ನುತ್ತಿದ್ದ. ಫೋನಿನಲ್ಲಿ ಕೇಳುತ್ತಿದ್ದ ಮುದುಕರಿಗೆ ಇದು ಬಹಳ ಹಿಡಿಸಿತು. ಒಂದು ವಾರ ಮಣಿಯಗಾರ ಸುಮ್ಮನಿದ್ದಾಗ, ಈವತ್ತು ಪ್ರಸಂಗ ಅಷ್ಟು ಬಲವಾಗಿರಲಿಲ್ಲ ಎಂದು ಮೂವರು ದೂರು ಹೇಳಿದರಂತೆ.

ಇನ್ನೊಂದು ವಾರ ಪಾಸ್ಟರ್ ಕಡೆಯ ದಿನದ ನ್ಯಾಯತೀರ್ಪಿನ ವಿಷಯ ತೆಗೆದರು. ಕುರಿಗಳು ಬಲಕ್ಕಂತೆ, ಆಡುಗಳು ಎಡಕ್ಕಂತೆ, ಎಡಗಡೆಯವರ ಗತಿ ಬೆಂಕಿಯಂತೆ. ಮುತ್ಯಾಲಮ್ಮನ ಮುಖ ಕೆಂಪಾಯಿತು. ನೋಡುತ್ತಾಳೆ, ತನ್ನ ಹಿಂಡೆಲ್ಲ ಪಾಸ್ಟರ್‌ನ ಎಡಕ್ಕೇ ಮಲಗಿದೆ. ಎದ್ದು, ನಾಲಿಗೆ ಮಡಿಸಿ ಸಿಳ್ಳೆ ಹಾಕಿ, ಎಲ್ಲವನ್ನೂ ಎಬ್ಬಿಸಿ, ಜನರ ಹಿಂದಿನಿಂದ ಸುತ್ತು ಹೊಡೆಸಿ ಬಲಗಡೆಗೆ ತಂದು ಮಲಗಿಸಿ, ಮತ್ತೆ ತನ್ನ ರೌಂಡಿಗೆ ಬಂದು ಕೂತಳು. ಪಾಸ್ಟರ್ ಅಲ್ಲಿಗೇ ಪ್ರಸಂಗ ನಿಲ್ಲಿಸಿ ಹಾಡು ಎತ್ತಿಕೊಂಡರು.

ಅವಳ ಕಿವಿ ನಿಜವಾಗಿ ನೆಟ್ಟಗಾದದ್ದು ಆಮೇಲಿನ ವಾರ. ಎಲ್ಲರ ಪಾಲಿಗೂ ಒಂದೇ ಕುರಿಮರಿ ಒಂದೇ ಸಲ ಬಲಿಯಾಗಿ ಆಯಿತು, ಇನ್ನು ಯಾವ ಬಲಿಯೂ ಬೇಕಿಲ್ಲ, ಆ ಕುರಿಮರಿ ಯೇಸುವೇ ಎಂದರು ಪಾಸ್ಟರ್. ಪ್ರಾರ್ಥನೆ ಮುಗಿಯುವುದನ್ನೇ ಕಾದು ಮುತ್ಯಾಲಮ್ಮ ಅವರನ್ನು ಹಿಡಿದಳು.

“ಅಯ್ಯಾ, ಎಲ್ಲಾರಿಗೂ ಸೇರ್ಸಿ ಕೊಟ್ಟಾಗೈತೆ ಅಂದ್ರಲ್ಲ. ನಮ್ಮನೆಯವ್ರಿಗೂ ಸೇರ್ತದಾ?”

“ಸೇರ್ತದೆ ಅಮ್ಮ.”

“ಅಂಗಾದ್ರೆ ಮುನಿಯಪ್ಪಂಗೆ ನೀವೇ ಒಂದು ಮಾತು ಏಳ್ಬಿಡಿ.”

ಪಾಸ್ಟರ್ ಹರಕೆಯ ಕತೆ ಪೂರ್ತಿ ಕೇಳಿದರು. ಕೇಳಿ ಮರದ ಬೇರಿನ ಮೇಲೆ ಕೂತರು. ಸಿಕ್ಕಿದಳು ಒಬ್ಬಳು ಎಂದು ಹಿಗ್ಗುವ ಮನುಷ್ಯ ಅವರಲ್ಲ, ಅದು ಅವರ ದೊಡ್ಡತನ.

“ಹೋತ ಉಳಿಸ್ಕೊಳ್ಳೋಕೆ ಅಂತ ಯೇಸು ಹತ್ರ ಬರಬೇಡಮ್ಮ. ಹರಕೆ ವಿಷಯ ನೀನೂ ನಿನ್ನ ಗಂಡನೂ ತೀರಿಸ್ಕೊಳ್ಳಿ.”

“ಮತ್ತೆ ಯಾತಕ್ಕೆ ಬರ್ಲಿ?”

“ಸುಮ್ನೆ ಬಾ. ದಿನವೆಲ್ಲ ಗುಡ್ಡದ ಮೇಲೇ ಇರ್ತೀಯಲ್ಲ, ಅವನ ಜೊತೆ ಕೂತ್ಕೋ. ಮಾತಾಡು.”

“ತಮಿಳಲ್ಲಾ?”

“ಆಡುಗಳ ಜೊತೆ ಯಾವುದ್ರಲ್ಲಿ ಮಾತಾಡ್ತೀಯೋ ಅದ್ರಲ್ಲೇ.”

ಇದು ಅವಳಿಗೆ ಒಪ್ಪಿಗೆಯಾಯಿತು. ಗುಡ್ಡದ ಬಂಡೆಯ ಮೇಲೆ ಕೂತು ಮಂಡಿನೋವಿನಿಂದ ಹಿಡಿದು ಫಾರೆಸ್ಟ್ ಗಾರ್ಡಿನ ಕಾಟದವರೆಗೆ ಎಲ್ಲವನ್ನೂ ಯೇಸುವಿಗೆ ಒಪ್ಪಿಸತೊಡಗಿದಳು. ಬೈಗುಳವೂ ಇರುತ್ತಿತ್ತು. ಮಾತು ಹೇಗೆ ಸಾಗಿದೆ ಎಂದು ಪಾಸ್ಟರ್ ಕೇಳಿದಾಗ, “ನಮ್ಮೆಜಮಾನ್ರ ತರಾನೇ ಅಯ್ಯಾ, ಕೇಳ್ಸ್ಕಂತಾನೆ, ಉತ್ರ ಕೊಡಕಿಲ್ಲ” ಎಂದಳಂತೆ.

ಉತ್ತರಕ್ಕೆ ಕಾಯುವ ಜಾತಿಯವಳಲ್ಲ ಅವಳು. ಪಾಸ್ಟರ್ ಕೈಬಿಟ್ಟ ಮೇಲೆ ತನ್ನದೇ ಒಂದು ಉಪಾಯ ಹೂಡಿದಳು. ಬಲಿ ಕೊಡುವ ಮುಂಚೆ ಹೋತದ ಮೇಲೆ ಅರಿಸಿನದ ನೀರು ಹೊಯ್ದು ಕಾಯುತ್ತಾರೆ, ಇದು ಆ ಸೀಮೆಯ ಪದ್ಧತಿ. ಹೋತ ಮೈ ಕೊಡವಿದರೆ ಸ್ವಾಮಿ ಒಪ್ಪಿಕೊಂಡ ಎಂದು ಅರ್ಥ. ಕೊಡವದಿದ್ದರೆ ಕಡಿಯುವ ಹಾಗಿಲ್ಲ, ಎಂಥ ಹರಕೆಯಾದರೂ ಸರಿ. ಮುತ್ಯಾಲಮ್ಮ ದಿನಾ ಬಂಡೆಗುಂಡಿಯ ನೀರನ್ನು ಬೊಗಸೆಯಲ್ಲಿ ತಂದು ಮಣಿಯಗಾರನ ಮೇಲೆ ಹೊಯ್ಯುವುದು, ಅವನು ಕೊಡವಿದರೆ ಮೂತಿಗೊಂದು ತಟ್ಟುವುದು, ಅಲ್ಲಾಡದೆ ನಿಂತರೆ ಮಡಿಲಿನಿಂದ ಒಂದು ಬಾಳೆಹಣ್ಣಿನ ಸಿಪ್ಪೆ ತೆಗೆದು ಕೊಡುವುದು, ಹೀಗೆ ಶುರುಮಾಡಿದಳು. ಹೋತಕ್ಕೆ ಮೊದಮೊದಲು ಅರ್ಥವಾಗಲಿಲ್ಲ. ಆಮೇಲೆ ಎಷ್ಟು ಚೆನ್ನಾಗಿ ಅರ್ಥವಾಯಿತೆಂದರೆ, ಬೆನ್ನ ಮೇಲೆ ಹನಿ ಬಿದ್ದರೆ ಸಾಕು, ಕಲ್ಲಿನ ಹಾಗೆ ನಿಂತು ಅವಳ ಮಡಿಲನ್ನೇ ದಿಟ್ಟಿಸುತ್ತಿದ್ದ.

ಮಳೆ ಇನ್ನೂ ಹಿಡಿದಿರಲಿಲ್ಲ. ಕೆಳಗಿನ ಸೊಪ್ಪೆಲ್ಲ ಮುಗಿದು, ಹಸಿರು ಉಳಿದಿದ್ದದ್ದು ಎತ್ತರದ ಕೊಂಬೆಗಳಲ್ಲಿ ಮಾತ್ರ. ಅಂಥ ಹೊತ್ತಿನಲ್ಲಿ ಆಡು ಕಾಯುವವರು ದೋಟಿಯ ಕೊಕ್ಕೆ ಹಾಕಿ ಕೊಂಬೆಯನ್ನು ಎಳೆದು ಬಗ್ಗಿಸಿ, ಆಡುಗಳು ತಿಂದು ಮುಗಿಸುವವರೆಗೆ ಹಿಡಿದುಕೊಂಡು ನಿಲ್ಲಬೇಕು. ಒಂದು ಮಧ್ಯಾಹ್ನ ಮುತ್ಯಾಲಮ್ಮ ಬಿಳಿಜಾಲಿಯ ಒಂದು ದೊಡ್ಡ ಕೊಂಬೆಯನ್ನು ಹಾಗೆ ಹಿಡಿದು ನಿಂತಿದ್ದಳು. ಎರಡು ಕೈಯೂ ತಲೆಯ ಮೇಲೆ. ರಟ್ಟೆ ಸೋತು ನಡುಗುತ್ತಿತ್ತು, ಮುಳ್ಳು ಗೀರಿ ಮೊಣಕೈವರೆಗೆ ರಕ್ತ ಇಳಿದಿತ್ತು. ಆಡುಗಳು ಕರಕರ ತಿನ್ನುತ್ತಿದ್ದವು, ಒಂದೂ ಅವಳ ಕಡೆ ನೋಡಲಿಲ್ಲ.

“ತಿನ್ನಿ, ತಿನ್ನಿ. ಇಡ್ಕಂಡಿರೋಳು ಯಾರು ಅಂತ ಒಬ್ರಾದ್ರೂ ತಲೆ ಎತ್ತಿ ನೋಡಿದ್ರಾ?” ಎಂದು ಬೈದಳು.

ಬೈದ ಮಾತು ಬಾಯಿಂದ ಹೊರಬಿದ್ದು ಅವಳ ಕಿವಿಗೇ ಬಂದು ಕೂತಿತು. ಆಸ್ಪತ್ರೆಯ ಗೇಟಿನ ಹೊರಗೆ ಕೂತಿದ್ದು ನೆನಪಾಯಿತು. ಬೇಸಿಗೆಯೆಲ್ಲ ಬತ್ತದೆ ಉಳಿದ ಬಂಡೆಗುಂಡಿಯ ನೀರು, ಊರಿಗೂರೇ ಮಲಗಿದಾಗಲೂ ಬಿಡದೆ ಚಿಗುರಿದ ಈ ಮರ, ಮರಳಿ ಬಂದ ಗಂಡನ ಉಸಿರು. ನನಗೂ ಯಾರೋ ಮೇಲಿನಿಂದ ಕೊಂಬೆ ಬಗ್ಗಿಸಿ ಹಿಡಿದುಕೊಂಡೇ ನಿಂತಿದ್ದಾರಲ್ಲ, ನಾನು ಒಂದು ದಿನವಾದರೂ ತಲೆ ಎತ್ತಿದೆನಾ ಎನಿಸಿತು. ಎರಡು ಕೈಯೂ ಮೇಲಾಗಿ, ಮುಳ್ಳು ಚುಚ್ಚಿ, ರಕ್ತ ಇಳಿದು ನಿಂತವನ ಕತೆಯನ್ನು ಪಾಸ್ಟರ್ ಎಷ್ಟು ವಾರ ಹೇಳಿದ್ದರು. ಅದು ಈಗ ಅವಳ ರಟ್ಟೆಗೆ ತಿಳಿಯಿತು. ತಲೆ ಎತ್ತಿ ನೋಡಿದಳು. ಎಲೆಗಳ ನಡುವೆ ಬಿಸಿಲು ಬಿಟ್ಟರೆ ಬೇರೇನೂ ಕಾಣಲಿಲ್ಲ, ಆದರೂ ಅಲ್ಲಿ ಇದ್ದಾನೆ ಎಂದು ಗೊತ್ತಾಯಿತು. ಅಳು ಬಂತು. ಕಣ್ಣು ಒರೆಸಿಕೊಳ್ಳಲು ಕೈ ಬಿಟ್ಟರೆ ಕೊಂಬೆ ಮೇಲೆ ಹೋಗುತ್ತದೆ, ಆಡುಗಳು ಇನ್ನೂ ತಿನ್ನುತ್ತಿದ್ದವು. ಹಾಗೇ ಅಳುತ್ತಾ ಹಿಡಿದುಕೊಂಡು ನಿಂತಳು.

ಅಂದಿನಿಂದ ಅವಳಿಗೆ ಒಂದು ಹೊಸ ಸಂಕಟ ಶುರುವಾಯಿತು. ಹಿಡಿದುಕೊಂಡು ನಿಂತವನ ಮುಂದೆ ಈ ಬಾಳೆಸಿಪ್ಪೆಯ ಮೋಸ ಸರಿಯಿಲ್ಲ ಎಂದು ಮನಸ್ಸು ಕುಟುಕತೊಡಗಿತು. ಮುನಿಯಪ್ಪನಿಗೆ ಕೊಟ್ಟದ್ದೂ ಮಾತೇ. ಆ ಮಾತು ಕೊಟ್ಟಾಗ ಸ್ವಾಮಿಯೇನು ಅವಳಿಗೆ ಮೋಸ ಮಾಡಿರಲಿಲ್ಲ. ಸರಿ, ಕಲಿಸಿದ್ದನ್ನು ಮರೆಸೋಣವೆಂದು ಹೊರಟಳು. ಮಣಿಯಗಾರನ ಮೇಲೆ ಕೊಡಗಟ್ಟಲೆ ನೀರು ಸುರಿದು, “ಕೊಡವು ಲಾ, ಕೊಡವು” ಎಂದು ಗೋಗರೆದಳು. ಕಿವಿಯೊಳಗೇ ನೀರು ಬಿಟ್ಟಳು. ಅವನು ಕಣ್ಣು ಮಿಟುಕಿಸಿ, ಕಂಬದ ಹಾಗೆ ನಿಂತು, ಸಿಪ್ಪೆ ಎಲ್ಲಿ ಎಂದು ಕೇಳುತ್ತಿದ್ದ. ಕಲಿತ ವಿದ್ಯೆಯನ್ನು ಅಷ್ಟು ಸುಲಭವಾಗಿ ಬಿಡುವ ಮಣಿಯಗಾರ ಎಲ್ಲಿದ್ದಾನೆ.

ಅಷ್ಟರಲ್ಲಿ ಗುಡಿಯ ಬೀಗ ತೆಗೆದರು. ಮಾದಪ್ಪ ಅಂದೇ ಹೋಗಿ ಪೂಜಾರಿ ಪೆರುಮಾಳನನ್ನು ಕಂಡು ದಿನ ಗೊತ್ತುಮಾಡಿಕೊಂಡು ಬಂದ. ಆವತ್ತು ರಾತ್ರಿ ಹೊಟ್ಟೆತುಂಬ ಉಂಡ. ಎಷ್ಟೋ ತಿಂಗಳಿಂದ ಅವನು ಅಷ್ಟು ಉಂಡಿರಲಿಲ್ಲ. ಹೇಳಿಬಿಡಬೇಕೆಂದು ಮುತ್ಯಾಲಮ್ಮ ಬಾಯಿ ತೆರೆದಳು, ಅವನು ಎರಡನೇ ಸಲ ಮುದ್ದೆ ಕೇಳಿದ್ದು ನೋಡಿ ಬಾಯಿ ಮುಚ್ಚಿದಳು.

ಗೊತ್ತುಮಾಡಿದ ದಿನ ಮುನಿಯಪ್ಪನ ಗುಡಿಯ ಮುಂದೆ ಮಣಿಯಗಾರನ ಕೊರಳಿಗೆ ಸೇವಂತಿಗೆ ಹಾರ ಹಾಕಿ ನಿಲ್ಲಿಸಿದರು. ಪೆರುಮಾಳ್ ಅರಿಸಿನದ ನೀರು ಹೊಯ್ದ. ಹೋತ ಅಲ್ಲಾಡಲಿಲ್ಲ. ಇನ್ನೊಂದು ಚೊಂಬು ಹೊಯ್ದ. ಅಲ್ಲಾಡಲಿಲ್ಲ. ಸೇರಿದ್ದ ಜನ ಪಿಸುಗುಟ್ಟಿದರು. ಮತ್ತೆ ಹೊಯ್ದಾಗ ಮಣಿಯಗಾರ ನಿಧಾನವಾಗಿ ಕತ್ತು ತಿರುಗಿಸಿ, ಜನರ ನಡುವೆ ಮುತ್ಯಾಲಮ್ಮನನ್ನು ಹುಡುಕಿ, ನೆಟ್ಟಗೆ ನಡೆದು ಬಂದು ಅವಳ ಮಡಿಲಿಗೆ ಮೂತಿ ಹಾಕಿದ.

ಮಾದಪ್ಪನ ಮುಖ ಬಿಳುಚಿಕೊಂಡಿತು. ಆಸ್ಪತ್ರೆಗೆ ಹೋಗುವಾಗ ಗಾಡಿಯಲ್ಲಿ ಕಂಡ ಮುಖವೇ ಅದು. ಅವನು ಸ್ವಾಮಿಯ ಮುಂದೆ ಅಡ್ಡಬಿದ್ದ.

“ನಾನು ಉಳ್ಕಂಡಿದ್ದು ನಿನಗೆ ಒಪ್ಪಿಗೆ ಇಲ್ವಾ ಸ್ವಾಮಿ?”

ಮುತ್ಯಾಲಮ್ಮನಿಗೆ ತಡೆಯಲಾಗಲಿಲ್ಲ. ಹೋತ ಉಳಿಯಿತೆಂದು ಎದೆಯೊಳಗೆ ಎದ್ದ ಸಂತೋಷ ಗಂಡನ ಬೆನ್ನು ನಡುಗುವುದನ್ನು ನೋಡಿ ಅಲ್ಲೇ ಸತ್ತಿತು. “ಏಳು ಮಾವ, ಏಳು. ಸ್ವಾಮಿ ಏನೂ ಬ್ಯಾಡ ಅಂದಿಲ್ಲ. ನಾನೇ ಕಲ್ಸಿದ್ದು” ಎಂದು ನಡುವೆ ನಿಂತು ಬಂಡೆಗುಂಡಿಯ ನೀರಿನಿಂದ ಬಾಳೆಸಿಪ್ಪೆಯವರೆಗೆ ಎಲ್ಲವನ್ನೂ ಒದರಿಬಿಟ್ಟಳು. ಹಿಂದೆ ಯಾರೋ ಕಿಸಕ್ಕೆಂದರು.

ಪೆರುಮಾಳ್ ಖಾಲಿ ಚೊಂಬನ್ನು ಕೆಳಗಿಟ್ಟು ಹೋತವನ್ನು ನೋಡಿದ. ಅವನಿಗೂ ಇದು ಹೊಸದು.

“ಸ್ವಾಮಿ ಬ್ಯಾಡ ಅಂದಿಲ್ಲ, ಬೇಕು ಅಂತಾನೂ ಅಂದಿಲ್ಲ. ನಡುವೆ ಈಯಮ್ಮ ಬಾಳೆಸಿಪ್ಪೆ ಇಟ್ಟವ್ಳೆ” ಎಂದ. “ಇಂಥದ್ದನ್ನ ಕಡಿಯಾಕಾಗಲ್ಲ. ಕುಂಬ್ಳಕಾಯಿ ಒಡೀರಿ. ಓತನ್ನ ಸ್ವಾಮಿ ಎಸರಿಗೆ ಬಿಟ್ಬಿಡಿ.”

ಸ್ವಾಮಿಯ ಹೆಸರಿಗೆ ಬಿಟ್ಟ ಹೋತವನ್ನು ಯಾರೂ ಹೊಡೆಯುವ ಹಾಗಿಲ್ಲ, ಓಡಿಸುವ ಹಾಗಿಲ್ಲ. ಮಣಿಯಗಾರನಿಗೆ ಇದನ್ನು ಯಾರು ಹೇಳಿದರೋ ಕಾಣೆ. ಕೊರಳ ಹಾರವನ್ನು ತಿಂದು ಮುಗಿಸಿ, ಅವನು ಅಲ್ಲಿಂದ ನೇರವಾಗಿ ಪೆರುಮಾಳನದೇ ಅವರೆ ಹೊಲಕ್ಕೆ ಇಳಿದ.

ಹೋತ ಉಳಿಯಿತು, ಮಾದಪ್ಪನ ನೆಮ್ಮದಿ ಮಾತ್ರ ಉಳಿಯಲಿಲ್ಲ. ಅವನು ಹೆಂಡತಿಯನ್ನು ಬೈಯಲಿಲ್ಲ, ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಊಟಕ್ಕೆ ಕೂತಾಗ, ಹಗ್ಗ ಹೊಸೆಯುವಾಗ, ಇದ್ದಕ್ಕಿದ್ದ ಹಾಗೆ ಕೈ ನಿಲ್ಲಿಸಿ “ಕೊಡವ್ಲಿಲ್ವಲ್ಲ” ಎನ್ನುತ್ತಿದ್ದ. ಪೂಜಾರಿ ಪರವಾಯಿಲ್ಲ ಎಂದಿದ್ದರೂ, ಕುಂಬಳಕಾಯಿ ಒಡೆದಿದ್ದರೂ, ಸ್ವಾಮಿಯ ಕಡೆಯಿಂದ ಒಂದು ಗುರುತು ಅವನಿಗೆ ಸಿಕ್ಕಿರಲಿಲ್ಲ. ಮತ್ತೆ ಊಟ ಇಳಿಯಿತು. ಕೆಮ್ಮಿದರೆ ಎದ್ದು ಕೂರುತ್ತಿದ್ದ. ಇದನ್ನು ಮಾಡಿದವಳು ನಾನೇ ಎಂದು ಮುತ್ಯಾಲಮ್ಮ ಗುಡ್ಡದ ಮೇಲೆ ಯೇಸುವಿನ ಹತ್ತಿರ ದಿನಾ ಅತ್ತಳು. ಬೈಗುಳ ನಿಂತುಹೋಗಿತ್ತು.

ಮಳೆ ಬಿದ್ದು ಚಿನ್ನಾರು ಹೊಳೆಯಲ್ಲಿ ನೀರು ಬಂದಾಗ ಅವಳು ದೀಕ್ಷಾಸ್ನಾನ ಮಾಡಿಸಿಕೊಳ್ಳುತ್ತೇನೆಂದು ಪಾಸ್ಟರ್‌ಗೆ ಹೇಳಿದಳು. ಸಭೆಯ ಮಂಜುಳಮ್ಮ, ಎಲ್ಲದರಲ್ಲೂ ಮುಂದಾಳಾದ ಹೆಂಗಸು, ಮುತ್ಯಾಲಮ್ಮ ಎನ್ನುವುದು ದೇವಿಯ ಹೆಸರಲ್ಲವಾ, ಬದಲಾಯಿಸಿ ಮರಿಯಾ ಎಂದಿಟ್ಟುಕೊಳ್ಳಕ್ಕ ಎಂದಳು. “ಆಡುಗಳಿಗೆಲ್ಲ ಯಾರು ಏಳೋರು?” ಎಂದು ಮುತ್ಯಾಲಮ್ಮ ಒಪ್ಪಲಿಲ್ಲ. ಪಾಸ್ಟರೂ ಒತ್ತಾಯಿಸಲಿಲ್ಲ. ಗಂಡನಿಗೆ ಹೇಳುವುದೇ ಕಷ್ಟವಾಗಿತ್ತು. ಮಾದಪ್ಪ ಹಗ್ಗ ಹೊಸೆಯುತ್ತಾ ಕೇಳಿಸಿಕೊಂಡ.

“ನಿನ್ ಸ್ವಾಮಿ ನಿಂಗೆ. ನಾನ್ಯಾಕೆ ಬ್ಯಾಡ ಅನ್ಲಿ” ಎಂದ. ಹಗ್ಗಕ್ಕೆ ಇನ್ನೊಂದು ಎಳೆ ಸೇರಿಸಿಕೊಂಡು, “ಏನ್ ಮಾಡ್ತಾರೆ?” ಎಂದ.

“ನೀರು ಉಯ್ತಾರೆ. ಮೂರು ಸಲ.”

“ಅರಿಸ್ನದ್ ನೀರಾ?”

“ಬರೀ ನೀರು ಮಾವ.”

ಅವನು ಹೊಸೆಯುವುದನ್ನು ನಿಲ್ಲಿಸಿದ. “ಕೊಡವದಿದ್ರೆ?”

“ಅವ್ರಲ್ಲಿ ಅಂಗೆಲ್ಲ ನೋಡಲ್ಲ.”

“ಒಪ್ಪಿಗೆ ಕೇಳ್ದೆ ನೀರು ಉಯ್ಯೋದಾ?” ಮಾದಪ್ಪನಿಗೆ ನಿಜವಾಗಿಯೂ ಗಾಬರಿಯಾಯಿತು. “ಓತಕ್ಕೇ ಕೇಳ್ತೀವಿ. ನಾನೂ ಬತ್ತೀನಿ ಇರು.”

ಹೊಳೆಯ ಹತ್ತಿರ ಇನ್ನೊಂದು ಪೇಚು ಕಾದಿತ್ತು. ಕೊರೋನಾ ಇನ್ನೂ ಹೋಗಿರಲಿಲ್ಲ, ಪಾಸ್ಟರ್ ತಲೆ ಮುಟ್ಟಿ ನೀರು ಹೊಯ್ಯುವ ಹಾಗಿಲ್ಲ, ಹತ್ತಿರ ನಿಲ್ಲುವ ಹಾಗೂ ಇಲ್ಲ. ಪಾಸ್ಟರ್ ನೀರಿನಲ್ಲಿ ನಿಂತು ತಲೆ ಕೆರೆದುಕೊಂಡರು. ದಡದಲ್ಲಿ ಮಂಜುಳಮ್ಮ ಒಂದು ಸಲಹೆ ಕೊಟ್ಟಳು, ಇನ್ನೊಬ್ಬರು ಇನ್ನೊಂದು ಕೊಟ್ಟರು. ಕೊನೆಗೆ ಮುತ್ಯಾಲಮ್ಮ ಮೊಣಕಾಲುದ್ದದ ನೀರಿನಿಂದ ಮೇಲೆ ಬಂದು, ತನ್ನ ದೋಟಿ ಎತ್ತಿಕೊಂಡು, ಪಾಸ್ಟರ್ ಚೀಲದಲ್ಲಿದ್ದ ಪ್ಲಾಸ್ಟಿಕ್ ಮಗ್ಗನ್ನು ಅದರ ಕೊಕ್ಕೆಗೆ ಹುರಿಯಿಂದ ಬಿಗಿದು, ಮತ್ತೆ ನೀರಿಗಿಳಿದು ಅವರ ಕಡೆ ಚಾಚಿದಳು.

“ಇದ್ರಲ್ಲಿ ಉಯ್ರಿ ಅಯ್ಯಾ. ಎಷ್ಟು ದೂರ ಬೇಕಾದ್ರೂ ನಿಂತ್ಕಳಿ.”

ಪಾಸ್ಟರ್ ನಕ್ಕರು. ಬಾಯಿಗೆ ಕಟ್ಟಿದ ಬಟ್ಟೆಯ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು, ಅವು ಒದ್ದೆಯಾಗಿದ್ದವು. ದೋಟಿ ಹಿಡಿದು ಮಗ್ಗು ಮುಳುಗಿಸಿ ಎತ್ತಿದರು. ತಲೆಯ ಮೇಲಿನಿಂದ ಆ ಕೊಕ್ಕೆ ತನ್ನ ಕಡೆಗೆ ಬಗ್ಗುವುದನ್ನು ಮುತ್ಯಾಲಮ್ಮ ನೋಡಿದಳು. ಇಷ್ಟು ವರ್ಷ ಅದರ ಇನ್ನೊಂದು ತುದಿಯಲ್ಲಿ ನಿಂತವಳು, ಕಣ್ಣು ಮುಚ್ಚಿಕೊಂಡಳು.

ತಂದೆಯ ಹೆಸರಿನಲ್ಲಿ ನೀರು ಬಿತ್ತು. ಅವಳು ಅಲ್ಲಾಡದೆ ನಿಂತಳು. ದಡದ ಬಂಡೆಯ ಮೇಲೆ ಮಾದಪ್ಪ ಕೂತಿದ್ದ, ಪಕ್ಕದಲ್ಲಿ ಕರೆಯದೆ ಬಂದ ಮಣಿಯಗಾರ. ಮಗನ ಹೆಸರಿನಲ್ಲಿ ಎರಡನೆಯದು ಬಿತ್ತು. ಅವಳಿಗೆ ಮೈಮೇಲೆ ಎಚ್ಚರವೇ ಇರಲಿಲ್ಲ, ಕಲ್ಲಿನ ಹಾಗೆ ನಿಂತೇ ಇದ್ದಳು. ಪವಿತ್ರಾತ್ಮನ ಹೆಸರಿನಲ್ಲಿ ಮೂರನೆಯದು ಬಿದ್ದು, ನೀರು ಕಿವಿಯಿಂದ ಕೆಳಗಿಳಿದು, ಎಲ್ಲ ಸದ್ದೂ ನಿಂತಾಗ ಅವಳು ಕಣ್ಣು ತೆರೆದಳು.

ದಡದಲ್ಲಿ ಮಾದಪ್ಪ ಅರ್ಧ ಎದ್ದು ನಿಂತಿದ್ದ. ಗುಡಿಯ ಮುಂದೆ ಕಂಡ ಅದೇ ಮುಖ. ಈ ಸಲ ಅವನ ಹೆದರಿಕೆ ತನಗಾಗಿ ಅಲ್ಲ, ಅವಳಿಗಾಗಿ. ಉಸಿರು ಬಿಗಿಹಿಡಿದು ಕಾಯುತ್ತಿದ್ದ.

ಮುತ್ಯಾಲಮ್ಮ ಮೈ ಕೊಡವಿದಳು. ನೆತ್ತಿಯಿಂದ ಹಿಮ್ಮಡಿವರೆಗೆ, ಕಟ್ಟಿದ ತುರುಬು ಬಿಚ್ಚಿ ಬೀಳುವ ಹಾಗೆ, ಪಾಸ್ಟರ್‌ನ ಬಿಳಿ ಅಂಗಿಗೂ ಹನಿ ಸಿಡಿಯುವ ಹಾಗೆ ಕೊಡವಿದಳು. ಮಂಜುಳಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ಯಾಕೆ ಹಾಗೆ ಮಾಡಿದೆ ಎಂದು ಕೇಳಿದರೆ ಇಂದಿಗೂ ಕಿವಿಯೊಳಗೆ ನೀರು ಹೋಗಿತ್ತು ಎನ್ನುತ್ತಾಳೆ. ನಂಬಬೇಡಿ.

ಅವಳು ಮೇಲೆ ಹತ್ತಿ ಬರುವಾಗ ಮಾದಪ್ಪ ಹೆಗಲ ಮೇಲಿನ ಟವಲ್ ತೆಗೆದು ಹಿಡಿದಿದ್ದ. ಮಣಿಯಗಾರ ಅವಳ ಮಡಿಲಿಗೆ ಮೂತಿ ಚಾಚಿದ.

“ಒಪ್ಕಂಡ” ಎಂದ ಮಾದಪ್ಪ, ಎಷ್ಟೋ ದಿನದ ಮೇಲೆ ಪೂರ್ತಿ ಉಸಿರು ಬಿಟ್ಟು. “ನಿನ್ನೂ ಒಪ್ಕಂಡ, ನನ್ನೂ ಒಪ್ಕಂಡ. ಬಾ, ತಲೆ ಒರ್ಸ್ಕ. ಅಸಿವಾಯ್ತದೆ.”